ಅತ್ತೆಯ ನಾಯಿಗೆ ತೆಂಗಿನೆಣ್ಣೆ

ನಾಯಿ ಸಾಕುವುದು ದೊಡ್ಡ ವಿಷಯವಲ್ಲ ಎಂದು ನಾನು ನಂಬಿದ್ದೆ. ಅದರಲ್ಲೂ ನೆರೆಮನೆಯ ಕೋಳಿ ಹಿಡಿಯದ, ಅಂಗಳ ಗಲೀಜು ಮಾಡದ, ಅಂಗೈಯಷ್ಟು ದೊಡ್ಡ ಪೆಟ್ಟಿಗೆಯೊಳಗೆ ವಾಸವಿರುವ ನಾಯಿಯನ್ನು ಕೆಲವು ದಿನ ನೋಡಿಕೊಳ್ಳುವುದಕ್ಕೆ ಎಷ್ಟು ಬುದ್ಧಿ ಬೇಕು? ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವನು. ಸಾಮ್ರಾಜ್ಯಗಳು ಹೇಗೆ ಏಳುತ್ತವೆ, ಹೇಗೆ ಬೀಳುತ್ತವೆ ಎಂದು ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದವನು. ನನಗೆ ಒಂದು ನಾಯಿ ಯಾವ ಲೆಕ್ಕ!

ಮುಂದಕ್ಕೆ ಹೋಗುವ ಮೊದಲು ಒಂದು ಎಚ್ಚರಿಕೆ. ನಾನು ದಿನಚರಿ ಬರೆಯುವವನಾದರೂ ನನ್ನ ನೆನಪನ್ನು ನಂಬುವವನಲ್ಲ. ಅದು ಯಾವ ಪ್ರಕರಣದಲ್ಲೂ ನನ್ನ ಪರವಾಗಿಯೇ ವಕಾಲತ್ತು ಹಾಕುತ್ತದೆ. ಆದ್ದರಿಂದ ಸಂಶಯ ಬಂದಲ್ಲೆಲ್ಲ ಹೆಂಡತಿ ಸವಿತಾಳ ಹೇಳಿಕೆಯನ್ನೂ ಸೇರಿಸಿದ್ದೇನೆ. ಅವಳ ನೆನಪೂ ಪಕ್ಷಪಾತಿಯೇ. ಪಕ್ಷ ಮಾತ್ರ ಬೇರೆ.

ನಾಯಿಯ ಪೂರ್ವಚರಿತ್ರೆ ಹೀಗಿದೆ. ಕಳೆದ ವರ್ಷ ಅತ್ತೆ, ಅಂದರೆ ಸವಿತಾಳ ಅಮ್ಮ, ಬಚ್ಚಲಿನಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡು ಕಾಣಿಯೂರಿನ ನಮ್ಮ ಮನೆಗೆ ಬಂದರು. ಇಡೀ ದಿನ ಆರಾಮ ಕುರ್ಚಿಯಲ್ಲಿ ಒರಗಿಕೊಂಡು ಮಾಡಿನ ಹಂಚು ನೋಡುವುದೇ ಅವರ ಕೆಲಸವಾಯಿತು. ಅವರ ಬೇಸರ ನೋಡಲಾರದೆ ನೆರೆಮನೆಯ ಹಮೀದಾಕ ಒಂದು ಸಂಜೆ ಒಂದು ಪುಟ್ಟ ಪೆಟ್ಟಿಗೆ ಹಿಡಿದುಕೊಂಡು ಬಂದರು. ಹಮೀದಾಕ ಬಹಳ ವರ್ಷ ದುಬಾಯಿಯಲ್ಲಿದ್ದು ಊರಿಗೆ ಮರಳಿದವರು. ಅವರ ಮನೆಯ ಅಟ್ಟದಲ್ಲಿ ಇಲ್ಲದ ಸಾಮಾನಿಲ್ಲ. ಆ ಪೆಟ್ಟಿಗೆ ಎಲೆಯಡಿಕೆ ಡಬ್ಬಿಯ ಹಾಗೆ ತೆರೆದುಕೊಳ್ಳುತ್ತಿತ್ತು. ಒಳಗೆ ಮೇಲೊಂದು ಪರದೆ, ಕೆಳಗೊಂದು ಪರದೆ. ಕೆಳಗಿನದನ್ನು ಒತ್ತಿ ಆಡುವುದು.

"ಅಮ್ಮ, ಇದು ವಿಡಿಯೋ ಗೇಮು. ಮಕ್ಕಳು ದೊಡ್ಡವರಾದ್ರು, ಈಗ ಯಾರಿಗೂ ಬೇಡ. ಒಳಗೆ ಒಂದು ನಾಯಿ ಉಂಟು. ಸಾಕಿ ನೋಡಿ" ಎಂದರು ಹಮೀದಾಕ.

"ಕಚ್ಚುದಾ?"

"ಕಚ್ಚುದಿಲ್ಲ. ಹೊಟ್ಟೆಗೆ ಹಾಕದಿದ್ರೆ ಮನೆ ಬಿಟ್ಟು ಹೋಗ್ತದೆ ಅಷ್ಟೆ."

"ಮನುಷ್ಯರೂ ಹಾಗೆಯೇ ಅಲ್ವಾ" ಎಂದು ಅತ್ತೆ ಪೆಟ್ಟಿಗೆ ತೆಗೆದುಕೊಂಡರು.

ಕಣ್ಣಿನ ಮೇಲೆ ಕೂದಲು ಬಿದ್ದ, ಯಾವುದೋ ದೇಶದ ಕಂದು ನಾಯಿ ಅದು. ಅತ್ತೆ ಅದಕ್ಕೆ ಬೊಳ್ಳು, ಅಂದರೆ ಬಿಳಿಯ, ಎಂದು ಹೆಸರಿಟ್ಟರು. ಅವರ ಮನೆಯಲ್ಲಿ ಹಿಂದೆ ಬೊಳ್ಳು ಎಂಬ ನಿಜವಾದ ಬಿಳಿ ನಾಯಿಯೊಂದಿತ್ತು. ಒಂದು ಮುಂಜಾವ ಚಿರತೆ ಅದನ್ನು ಜಗಲಿಯಿಂದಲೇ ಕೊಂಡುಹೋಗಿತ್ತು. ಆಮೇಲೆ ಅತ್ತೆ ನಾಯಿ ಸಾಕಲಿಲ್ಲ. "ಇದನ್ನು ಚಿರತೆ ಹಿಡಿಯುದಿಲ್ಲ ಅಲ್ವಾ, ಅಳಿಯ" ಎಂದು ಅವರು ಮೊದಲ ದಿನವೇ ನನ್ನಲ್ಲಿ ಕೇಳಿ ಖಾತ್ರಿ ಮಾಡಿಕೊಂಡಿದ್ದರು. ಸಾಧ್ಯವೇ ಇಲ್ಲ ಎಂದು ನಾನು ಭರವಸೆ ಕೊಟ್ಟಿದ್ದೆ. ಚಿರತೆಯ ಬಗ್ಗೆ ಆ ಮಾತು ಇಂದಿಗೂ ಸತ್ಯ.

ಕಾಲು ಗುಣವಾಯಿತು. ಅತ್ತೆ ಎದ್ದು ಓಡಾಡಿದರು. ಆದರೆ ದಿನವೂ ಬೆಳಿಗ್ಗೆ ಕಾಫಿಯಾದ ಮೇಲೆ, ಸಂಜೆ ದೀಪ ಹಚ್ಚುವ ಮೊದಲು, ಅದೇ ಆರಾಮ ಕುರ್ಚಿಯಲ್ಲಿ ಒರಗಿ, ಪೆಟ್ಟಿಗೆಯನ್ನು ಹೊಟ್ಟೆಯ ಮೇಲಿಟ್ಟು, ಕನ್ನಡಕದ ಕೆಳಗಿನ ಅಂಚಿನಿಂದ ಓರೆಯಾಗಿ ನೋಡುತ್ತ ಬೊಳ್ಳುವಿಗೆ ಊಟ, ನೀರು, ಸ್ನಾನ, ತಲೆ ಸವರುವಿಕೆ ನಡೆಯುತ್ತಿತ್ತು. ಪೆಟ್ಟಿಗೆಯ ಜೊತೆ ಬಂದ ಕಡ್ಡಿ ಎಂದೋ ಕಳೆದುಹೋಗಿತ್ತು. ಅತ್ತೆ ಪೆನ್ನಿನ ಮುಚ್ಚಳದ ಕಿವಿಯಿಂದ ಒತ್ತುತ್ತಿದ್ದರು.

ಅವರು ಒತ್ತುವುದು ನಾಯಿಯನ್ನಲ್ಲ, ನಾಯಿಗಿಂತ ಕಡಲೆಬೀಜದಷ್ಟು ಕೆಳಗೆ, ನೆಲವನ್ನು ಎಂದು ನಾನು ಒಮ್ಮೆ ಗಮನಿಸಿದ್ದೆ. ವಿದ್ಯಾವಂತನಾಗಿ ಸುಮ್ಮನಿರಲಾಗಲಿಲ್ಲ.

"ಅತ್ತೆ, ನೀವು ಸವರುದು ನೆಲವನ್ನು."

"ನೆಲ ಸವರಿದ್ರೆ ನಾಯಿ ಬಾಲ ಅಲ್ಲಾಡಿಸ್ತದಾ?"

ನೋಡಿದೆ. ನಾಯಿ ಬಾಲ ಅಲ್ಲಾಡಿಸುತ್ತಿತ್ತು. ವಯಸ್ಸಾದವರ ಕಣ್ಣು ಎಂದುಕೊಂಡು ನಾನು ಪತ್ರಿಕೆ ಓದಲು ಹೋದೆ. ಈ ಸಣ್ಣ ವಿಷಯವನ್ನು ನಾನು ಅಂದೇ ಯೋಚಿಸಿದ್ದರೆ ಮುಂದಿನ ಅವಮಾನದಲ್ಲಿ ಅರ್ಧ ತಪ್ಪುತ್ತಿತ್ತು. ಹಾಗೆಂದು ಈಗ ಅನ್ನಿಸುತ್ತದೆ. ಆಗ ಗಮನಿಸಿದ್ದೆನೋ, ಆಮೇಲೆ ಗಮನಿಸಿದ್ದೆನೆಂದು ನೆನಪು ಸೇರಿಸಿಕೊಂಡಿತೋ, ಅದೂ ಖಚಿತವಿಲ್ಲ.

ಈ ವರ್ಷ ಹಲಸಿನ ಕಾಲದಲ್ಲಿ ಮರ್ಕಂಜದಿಂದ ಅತ್ತೆಯ ತಂಗಿ ಫೋನು ಮಾಡಿದರು. ಹಪ್ಪಳ ಮಾಡಲು ಕೈ ಸಾಲುವುದಿಲ್ಲ, ಅಕ್ಕ ಬರಬೇಕು. ಅತ್ತೆ ಹೊರಟರು. ಹೊರಡುವಾಗ ಪೆಟ್ಟಿಗೆಯನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು.

"ಕೊಂಡುಹೋಗ್ತಿದ್ದೆ ಅಳಿಯ. ಆದ್ರೆ ಅಲ್ಲಿ ಇಡೀ ದಿನ ಹಲಸಿನ ಮೇಣ, ಎಣ್ಣೆ ಕೈ. ಇದಕ್ಕೆ ತಾಗಿದ್ರೆ ಕಷ್ಟ. ನಿಮ್ಮ ಕೈಯಲ್ಲಾದ್ರೆ ಭಯ ಇಲ್ಲ."

ಈ ವಾಕ್ಯವನ್ನು ಓದುಗರು ಇನ್ನೊಮ್ಮೆ ಓದಬೇಕಾಗಿ ವಿನಂತಿ.

ಮೊದಲೆರಡು ದಿನ ನನ್ನ ಆಡಳಿತ ಸುವರ್ಣಯುಗವಾಗಿತ್ತು. ಹೊತ್ತುಹೊತ್ತಿಗೆ ಊಟ ಕೊಟ್ಟೆ, ಗುಂಡಿ ಒಮ್ಮೆಗೇ ಹಿಡಿಯದಿದ್ದರೆ ಆಚೀಚೆ ಒತ್ತಿ. ನೀರು ಕೊಟ್ಟೆ. ನಾನು ಹೆಸರು ಹಿಡಿದು ಕರೆದರೆ ನಾಯಿಯ ತಲೆಯ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ ಮೂಡುತ್ತಿತ್ತು. ಹಿಂದಿನ ಬೆಂಚಿನ ವಿದ್ಯಾರ್ಥಿಗಳ ಮುಖದಲ್ಲಿ ಅದನ್ನು ನೋಡಿ ಅಭ್ಯಾಸವಿದ್ದುದರಿಂದ ನನಗೆ ಬೇಸರವಾಗಲಿಲ್ಲ. ಅತ್ತೆ ಮರ್ಕಂಜದಲ್ಲಿ ಗುಡ್ಡೆ ಹತ್ತಿ ರೇಂಜ್ ಹುಡುಕಿ ದಿನವೂ ಫೋನು ಮಾಡುತ್ತಿದ್ದರು. ಮಗಳು ಹೇಗಿದ್ದಾಳೆ ಎಂದು ಕೇಳುವ ಮೊದಲೇ, "ಬೊಳ್ಳು ಉಂಡಿತಾ?"

ಆ ಪೆಟ್ಟಿಗೆಯ ಮೇಲೆ ನನಗೆ ಗೌರವವೂ ಹುಟ್ಟಿತು. ನನ್ನ ಮೊಬೈಲಿನ ಪರದೆಗೆ ಬಹಳ ಮಡಿ. ಕೈ ಸ್ವಲ್ಪ ಒದ್ದೆಯಾದರೆ ಗುರುತು ಹಿಡಿಯುವುದಿಲ್ಲ. ಅಡಿಕೆ ಸುಲಿದು ದಪ್ಪವಾದ ಬೆರಳಾದರೆ ನಾಲ್ಕು ಸಲ ಒತ್ತಬೇಕು. ಉಗುರು ಅದಕ್ಕೆ ಲೆಕ್ಕವೇ ಇಲ್ಲ. ಈ ಪೆಟ್ಟಿಗೆಯ ಪರದೆಗೆ ಭೇದವಿಲ್ಲ. ಉಗುರು, ಪೆನ್ನು, ತೆಂಗಿನ ಗರಿಯ ಕಡ್ಡಿ, ಯಾವುದರಿಂದ ಒತ್ತಿದರೂ ಒಪ್ಪಿಕೊಳ್ಳುತ್ತದೆ. ಮುಟ್ಟಿದವರು ಯಾರೆಂದು ಕೇಳುವುದಿಲ್ಲ, ಒತ್ತಿದ್ದು ಎಲ್ಲಿ ಎಂದಷ್ಟೇ ನೋಡುತ್ತದೆ. ಹೀಗಾಗಿ ಅದು ಗಟ್ಟಿ ಯಂತ್ರ, ಏನನ್ನೂ ತಾಳಿಕೊಳ್ಳುತ್ತದೆ ಎಂದು ನಾನು ತೀರ್ಮಾನಿಸಿದೆ. ಉದಾರಿಗಳೆಲ್ಲ ಗಟ್ಟಿಗರು ಎಂದು ನಂಬಿ ಎಷ್ಟೋ ರಾಜರು ಕೆಟ್ಟಿದ್ದಾರೆ.

ಮೂರನೆಯ ದಿನ ಮನೆಯ ಹಿಂದಿನ ಮರದ ಬಕ್ಕೆ ಜಾತಿಯ ಹಲಸು ಹಣ್ಣಾಯಿತು. ನಾನೇ ಕೊಯ್ದೆ. ಆಗ ಅತ್ತೆಯ ಫೋನು ಬಂತು, ಬೊಳ್ಳುವಿಗೆ ಬೆಳಗಿನ ನೀರು ಕೊಟ್ಟಿಲ್ಲ ಎಂದು ನೆನಪಾಯಿತು, ಗಡಿಬಿಡಿಯಲ್ಲಿ ಮೇಣದ ಕೈಯಲ್ಲೇ ಎದ್ದುಹೋಗಿ ಪರದೆ ಒತ್ತಿದೆ. ಇದು ನನ್ನ ನೆನಪು. ಸವಿತಾಳ ಹೇಳಿಕೆಯ ಪ್ರಕಾರ ಆ ಹೊತ್ತಿಗೆ ಯಾವ ಫೋನೂ ಬರಲಿಲ್ಲ. ಒಂದು ಕೈಯಲ್ಲಿ ಹಲಸಿನ ಸೊಳೆ ತಿನ್ನುತ್ತ ಇನ್ನೊಂದು ಕೈಯಲ್ಲಿ ನಾಯಿಗೆ ಚೆಂಡು ಎಸೆಯುತ್ತ ನಾನು ನಗುತ್ತಿದ್ದೆ. ತೀರ್ಮಾನಕ್ಕೆಂದು ದಿನಚರಿ ತೆಗೆದು ನೋಡಿದೆ. ಅಂದಿನ ಪುಟದಲ್ಲಿ ಇರುವುದು ಇಷ್ಟೆ: "ಸೆಕೆ. ಹಲಸು ಬಹಳ ಸಿಹಿ."

ಏನೇ ಇರಲಿ, ಪರದೆಯ ಮೇಲೆ ಮೇಣ ಕೂತಿತು. ನಾಯಿಯ ಮೂಗಿನ ಮೇಲೆಯೇ ಒಂದು ಬೊಟ್ಟು. ಒರೆಸಿದರೆ ಹರಡಿತು. ಬಟ್ಟೆಯ ನೂಲು ಅಂಟಿತು. ನಾಯಿಗೆ ಗಡ್ಡ ಬಂತು!

ನಮ್ಮ ಊರಿನಲ್ಲಿ ಹುಟ್ಟಿದ ಯಾರಿಗೂ ಈ ಸ್ಥಿತಿಯಲ್ಲಿ ಎರಡನೆಯ ಯೋಚನೆ ಬರುವುದಿಲ್ಲ. ಹಲಸಿನ ಮೇಣಕ್ಕೆ ತೆಂಗಿನೆಣ್ಣೆ. ಕೈಗೆ, ಕತ್ತಿಗೆ, ಮಕ್ಕಳ ಕೂದಲಿಗೆ, ಬೆಕ್ಕಿನ ಮೀಸೆಗೆ, ಎಲ್ಲದಕ್ಕೂ ಅದೇ. ಅಡುಗೆಮನೆಯಿಂದ ಎಣ್ಣೆ ತಂದು ಧಾರಾಳವಾಗಿ ಹಚ್ಚಿದೆ. ಬೆರಳಲ್ಲಿ ಮೆಲ್ಲಗೆ ಉಜ್ಜಿದೆ. ಮೇಣ ಜಾರಿ ಬಂತು. ಪರದೆ ಹೊಸದರ ಹಾಗೆ ಹೊಳೆಯಿತು. ನಾಯಿಯ ಮುಖವೂ ಎಣ್ಣೆಸ್ನಾನ ಮಾಡಿದ ಹಾಗೆ ಕಂಡಿತು.

"ಸವಿತಾ, ಇಲ್ಲಿ ಬಾ. ನೋಡು ಹೇಗೆ ಹೊಳೀತದೆ!"

ಅವಳು ಬರುವಷ್ಟರಲ್ಲಿ ಪರದೆಯ ಮೂಲೆಯಲ್ಲಿ ಕಾಮನಬಿಲ್ಲು ಮೂಡಿತ್ತು. ರಸ್ತೆಯ ನೀರಿನಲ್ಲಿ ಡೀಸೆಲ್ ಬಿದ್ದರೆ ಮೂಡುತ್ತದಲ್ಲ, ಆ ಥರ. ನೋಡುತ್ತಿದ್ದಂತೆ ಅದು ಮೂಲೆಯಿಂದ ನಡುವಿಗೆ ತೆವಳಿತು. ಎಣ್ಣೆ ಮೇಲಿರಲಿಲ್ಲ, ಒಳಗೆ ಹೋಗಿತ್ತು.

"ಎಂತ ಮಾಡಿದ್ದು ನೀವು?"

"ಸ್ವಚ್ಛ ಮಾಡಿದ್ದು."

ಅಷ್ಟರಲ್ಲಿ ಬೊಳ್ಳು ತನ್ನಷ್ಟಕ್ಕೆ ಮಗುಚಿ ಬಿದ್ದು, ನಾಲ್ಕು ಕಾಲು ಮೇಲೆ ಮಾಡಿ, ಕಣ್ಣು ಮುಚ್ಚಿ ಹೊರಳಾಡತೊಡಗಿತು. ಯಾರೂ ಒತ್ತಿರಲಿಲ್ಲ. ಆದರೆ ಎಣ್ಣೆ ಹೊಕ್ಕ ಜಾಗವನ್ನು ಯಾರೋ ಒತ್ತಿ ಹಿಡಿದಿದ್ದಾರೆ ಎಂದು ಯಂತ್ರ ತಿಳಿದುಕೊಂಡಿತ್ತು. ಅದೃಶ್ಯವಾದ ಕೈಯೊಂದು ಆ ನಾಯಿಯ ಹೊಟ್ಟೆಯನ್ನು ಬಿಡುವಿಲ್ಲದೆ ಸವರುತ್ತಿತ್ತು. ನಾಯಿ ಪರಮಾನಂದದಲ್ಲಿತ್ತು. ನಾನು ಊಟದ ಗುಂಡಿ ಒತ್ತಿದೆ. ಉಪಯೋಗವಿಲ್ಲ. ಇನ್ನೂ ಗಟ್ಟಿಯಾಗಿ ಒತ್ತಿದೆ. ಯಂತ್ರಕ್ಕೆ ಒಂದು ಸಲಕ್ಕೆ ಒಂದೇ ಬೆರಳು ಗೊತ್ತು. ಅದು ಆ ಅದೃಶ್ಯ ಬೆರಳಿನ ಸೇವೆಯಲ್ಲಿ ಮುಳುಗಿತ್ತು.

ಪ್ರೀತಿ ಧಾರಾಳ, ಊಟ ಇಲ್ಲ! ನಮ್ಮ ಅತಿಥಿ ಉಪನ್ಯಾಸಕರ ಹಾಗೆ.

ಅತ್ತೆಯ ಫೋನು ಬಂತು. ಈ ಸಲ ನಿಜವಾಗಿಯೂ ಬಂತು, ಸವಿತಾಳೂ ಒಪ್ಪುತ್ತಾಳೆ.

"ಬೊಳ್ಳು ಎಂತ ಮಾಡ್ತಾ ಉಂಟು, ಅಳಿಯ?"

"ಬಹಳ ಖುಷಿಯಲ್ಲಿ ಉಂಟು, ಅತ್ತೆ" ಎಂದೆ. ಒಂದಕ್ಷರ ಸುಳ್ಳಿರಲಿಲ್ಲ.

"ಉಂಡಿತಾ?"

"ಹ್ಞಾಂ… ಈಗ ಹಾಕ್ತೇನೆ."

"ಹೊತ್ತು ಮೀರಿಸ್ಬೇಡಿ. ಹೊಟ್ಟೆಗೆ ಇಲ್ಲದಿದ್ರೆ ಹೋಗ್ತದೆ ಅಂತ ಹಮೀದಾಕ ಹೇಳಿದ್ದಾರೆ."

ಫೋನಿಟ್ಟಾಗ ಸವಿತಾ ನನ್ನನ್ನೇ ನೋಡುತ್ತಿದ್ದಳು. "ಅಮ್ಮ ಕಾಲು ಮುರಿದು ಕೂತಿದ್ದಾಗ ಒಂದು ದಿನ ನಗ್ಲಿಲ್ಲ. ಇದು ಬಂದ ಮೇಲೆ ನಕ್ಕದ್ದು. ನಾಯಿ ಹೋದ್ರೆ ನೀವೇ ಅಲ್ಲಿ ಒಳಗೆ ಹೋಗಿ ಕೂತ್ಕೊಳ್ಳಿ" ಎಂದಳು.

ಆಗ ನನಗೆ ಹೆದರಿಕೆಯಾಯಿತು. ಹೆದರಿದ ವಿದ್ಯಾವಂತನಷ್ಟು ಅಪಾಯಕಾರಿ ಜೀವಿ ಇನ್ನೊಂದಿಲ್ಲ. ನೀರಿಗೆ ಬಿದ್ದ ಮೊಬೈಲನ್ನು ಅಕ್ಕಿಯಲ್ಲಿ ಹೂತಿಡಬೇಕೆಂದು ಎಲ್ಲೋ ಓದಿದ್ದೆ. ನೀರಿಗೆ ಅಕ್ಕಿಯಾದರೆ ಎಣ್ಣೆಗೂ ಅಕ್ಕಿ. ಹೂತೆ. ಓದಿದ್ದು ಯಾವ ದೇಶದ ಅಕ್ಕಿಯೋ, ನಮ್ಮದು ಮಿಲ್ಲಿನಿಂದ ಆಗಷ್ಟೇ ಬಂದ ಕುಚ್ಚಲಕ್ಕಿ. ಹೊರತೆಗೆದಾಗ ಎಣ್ಣೆ ಇದ್ದಲ್ಲೇ ಇತ್ತು, ಜೊತೆಗೆ ಸಂದು ಸಂದಿಗೂ ತೌಡು ಸೇರಿತ್ತು.

ತೌಡು ಹಾರಿಸಲು ಸವಿತಾಳ ಕೂದಲು ಒಣಗಿಸುವ ಯಂತ್ರ ತಂದೆ. ಬಿಸಿಗಾಳಿ ಬಿಟ್ಟೆ. ಎಣ್ಣೆಯೂ ಆರಬಹುದು ಎಂದು ಹತ್ತಿರ ಹಿಡಿದೆ. ಕೆಳಗಿನ ಪರದೆ ಮೊದಲು ಕಂದಿತು, ಆಮೇಲೆ ಕಾವಲಿಯ ತಳದ ಹಾಗೆ ಕಪ್ಪಾಯಿತು. ನಾಯಿ ಮಾಯ! ಈ ಥರದ ಪರದೆಯ ಒಳಗಿರುವುದು ಅತ್ತ ದ್ರವವೂ ಅಲ್ಲದ, ಇತ್ತ ಗಟ್ಟಿಯೂ ಅಲ್ಲದ ಒಂದು ಪದಾರ್ಥವಂತೆ. ಸೆಕೆ ಜೋರಾದರೆ ಅದಕ್ಕೆ ತಾನು ಯಾರೆಂಬುದೇ ಮರೆತುಹೋಗುತ್ತದಂತೆ. ಇದನ್ನು ಆಮೇಲೆ ಓದಿ ತಿಳಿದೆ. ನಮ್ಮಿಬ್ಬರ ಸ್ವಭಾವ ಒಂದೇ ಎಂದು ಅನ್ನಿಸಿತು. ಆ ಗಳಿಗೆಯಲ್ಲಿ ಮಾತ್ರ, ಬಿಸಿಯಿಂದ ಹೋದದ್ದು ತಂಪಿಗೆ ಬರಬಹುದೆಂಬ ತರ್ಕದಿಂದ ಪೆಟ್ಟಿಗೆಯನ್ನು ಫ್ರಿಜ್ಜಿನಲ್ಲಿಟ್ಟೆ. ತರ್ಕ ಸರಿಯಿತ್ತು. ತೆಗೆದಾಗ ಕಪ್ಪು ಹೋಗಿತ್ತು, ನಾಯಿ ಬಂದಿತ್ತು. ಆದರೆ ಗಾಜಿನ ತುಂಬ ಮಂಜು. ಆ ಮಂಜಿನ ಒಳಗೆ ಕಾಮನಬಿಲ್ಲು. ಕಾಮನಬಿಲ್ಲಿನ ಒಳಗೆ ಬೊಳ್ಳು, ಕಾಲು ಮೇಲೆ ಮಾಡಿಕೊಂಡು, ಇನ್ನೂ ಪರಮಾನಂದದಲ್ಲಿ.

ಚಿರತೆಗೆ ಸಾಧ್ಯವಾಗದ್ದು ಇತಿಹಾಸದ ಎಂ.ಎ.ಗೆ ಸಾಧ್ಯವಾಗಿತ್ತು!

ಮರುದಿನ ಬೆಳಿಗ್ಗೆ ಪುತ್ತೂರಿನ ಬಸ್ಸು ಹಿಡಿದೆ. ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿಯಿಟ್ಟಿದ್ದ ಪ್ರವೀಣ ಎಂಬಾತ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದಕ್ಕೆ ಟೆಂಪರ್ ಗ್ಲಾಸ್ ಹಾಕ್ಬೇಕಾ ಸರ್?"

"ಅಲ್ಲ ಮಾರಾಯ, ನಾಯಿಗೆ ಊಟ ಹಾಕ್ಬೇಕು."

ಆತ ನನ್ನ ಮುಖ ನೋಡಿದ. ನಾನು ವಿವರಿಸಿದೆ. ವಿವರಿಸಿದಷ್ಟೂ ಆತನ ಮುಖದಲ್ಲಿ ಆ ಪರಿಚಿತ ಪ್ರಶ್ನಾರ್ಥಕ ಚಿಹ್ನೆ ಗಾಢವಾಯಿತು. ಕೊನೆಗೆ ಸ್ಕ್ರೂ ಬಿಚ್ಚಿ ಅಡಿಯ ಮುಚ್ಚಳ ತೆಗೆದ. ಮೂಸಿದ.

"ಇದ್ರಲ್ಲಿ ಎಂತ ಸರ್, ಹಪ್ಪಳ ಕಾಯಿಸಿದ್ದಾ?"

ಆತ ಮಗುಚಿ ಮೇಜಿನ ಮೇಲೆ ಕುಟ್ಟಿದ. ತೌಡು ಉದುರಿತು.

"ನಾಯಿ ಅಂದ್ರಿ ಅಲ್ವಾ? ದನ ಅಲ್ಲ ಅಲ್ವಾ?"

ಪಕ್ಕದಲ್ಲಿ ರೀಚಾರ್ಜಿಗೆ ನಿಂತಿದ್ದವರು ನಕ್ಕರು. ಪ್ರವೀಣ ತನ್ನ ಮೊಬೈಲಿನಲ್ಲಿ ಯಾವುದೋ ವಿಡಿಯೋ ಹಾಕಿ, ಅರ್ಧ ನೋಡಿ, ಗಂಭೀರನಾಗಿ ಹೇಳಿದ: "ಇದು ಹಳೇ ನಮೂನೆ ಟಚ್ಚು ಸರ್. ಎರಡು ತೆಳು ಹಾಳೆ ಇರುದು. ಒತ್ತಿದ್ರೆ ಮೇಲಿನದ್ದು ಕೆಳಗಿನದ್ದಕ್ಕೆ ತಾಗುದು. ಒತ್ತದಿದ್ರೆ ನಡುವೆ ಗಾಳಿ ಇರ್ಬೇಕು. ನಿಮ್ಮದ್ರಲ್ಲಿ ಗಾಳಿ ಒಂದು ಬಿಟ್ಟು ಉಳಿದದ್ದೆಲ್ಲ ಉಂಟು."

"ಸರಿಯಾಗುದಾ?"

"ಈ ಟಚ್ಚು ಈಗ ಎಲ್ಲಿಯೂ ಸಿಗುದಿಲ್ಲ. ಇಂಥದ್ದೇ ಹಾಳಾದದ್ದು ಇನ್ನೊಂದು ಇದ್ರೆ ತನ್ನಿ. ಅದರದ್ದು ತೆಗೆದು ಇದಕ್ಕೆ ಹಾಕುವ." ಇಷ್ಟು ಹೇಳುವಾಗ ಆತ ಜೋರಾಗಿ ಸೀನಿದ. ಬಿಚ್ಚಿಟ್ಟ ಸ್ಕ್ರೂಗಳಲ್ಲಿ ಒಂದು ಹಾರಿತು. ನಾವಿಬ್ಬರೂ ಬಹಳ ಹೊತ್ತು ನೆಲದ ಮೇಲೆ ಮೊಣಕಾಲೂರಿ ಹುಡುಕಿದೆವು. ಸಿಗಲಿಲ್ಲ. ಅಷ್ಟರ ಮಟ್ಟಿಗೆ ಆತನೂ ನನ್ನ ಜಾತಿಯವನೇ ಎಂದು ಸಮಾಧಾನವಾಯಿತು.

ಕಾಣಿಯೂರಿನಲ್ಲಿ ಬಸ್ಸಿಳಿಯುವಾಗ ಎದುರಿಗೇ ಹಮೀದಾಕ. ಯಾರಿಂದ ಮುಚ್ಚಿಡಬೇಕೆಂದಿದ್ದೆನೋ ಅವರು.

"ಎಂತ ಮಾಷ್ಟ್ರೆ, ಮುಖ ಹೀಗೆ? ಯಾರಾದ್ರೂ ಹೋದ್ರಾ?"

"ಇನ್ನೂ ಹೋಗಿಲ್ಲ" ಎಂದು ಪೆಟ್ಟಿಗೆ ತೋರಿಸಿದೆ.

ಹಮೀದಾಕ ಪೂರ್ತಿ ಕೇಳಿದರು. ಎಣ್ಣೆಯವರೆಗೆ ಸುಮ್ಮನಿದ್ದರು. ಅಕ್ಕಿಗೆ ಬಂದಾಗ ಮುಖ ಆಚೆ ತಿರುಗಿಸಿದರು. ಫ್ರಿಜ್ಜಿಗೆ ಬಂದಾಗ ಅವರ ಹೆಗಲು ಕುಲುಕುತ್ತಿತ್ತು.

"ಒಂದು ಒಗ್ಗರಣೆ ಬಾಕಿ ಇತ್ತಲ್ಲ ಮಾಷ್ಟ್ರೆ!" ಎಂದು ಕಣ್ಣೊರೆಸಿಕೊಂಡರು. "ನಮ್ಮ ಅಟ್ಟದಲ್ಲಿ ಇನ್ನೊಂದು ಉಂಟು. ಮೇಲಿನ ಪರದೆ ಒಡೆದದ್ದು, ಕೆಳಗಿನದ್ದು ಸರಿ ಉಂಟು. ಅದನ್ನು ಮೊದಲೇ ಕೇಳ್ಲಿಕ್ಕೆ ಎಂತ? ನಾಚಿಕೆಯಾ?"

ನಾಚಿಕೆಯೇ. ಆದರೆ ಒಪ್ಪಿಕೊಳ್ಳಲಿಲ್ಲ.

ಮರುದಿನ ಹಮೀದಾಕನ ಸ್ಕೂಟರಿನಲ್ಲಿ ಮತ್ತೆ ಪುತ್ತೂರು. ದಾರಿಯಲ್ಲಿ ಸವಿತಾಳ ಫೋನು: ಅತ್ತೆ ನಾಳೆ ಅಲ್ಲ, ಇವತ್ತೇ ಸಂಜೆ ಹೊರಟು ಬರುತ್ತಿದ್ದಾರೆ. ತಂಗಿಯ ಮಗ ಕಾರಿನಲ್ಲಿ ಬಿಡುತ್ತಾನಂತೆ. "ನಾಯಿಯನ್ನು ನೋಡದೆ ಕೈ ಓಡುದಿಲ್ಲ ಅಂತ ಹೇಳ್ತಿದ್ದಾರೆ. ನೀವು ಬೇಗ ಎಂತಾದ್ರೂ ಮಾಡಿ. ಅಲ್ಲ, ನೀವು ಎಂತ ಕೂಡ ಮಾಡ್ಬೇಡಿ. ಆ ರಿಪೇರಿಯವ ಮಾಡ್ಲಿ."

ಪ್ರವೀಣ ಹಮೀದಾಕನ ಹಾಳಾದ ಪೆಟ್ಟಿಗೆಯ ಟಚ್ಚು ತೆಗೆದು ನಮ್ಮದಕ್ಕೆ ಕೂರಿಸಿದ. ಕಳೆದುಹೋದ ಸ್ಕ್ರೂವಿನ ಬದಲಿಗೆ ಅಲ್ಲಿಂದಲೇ ಇನ್ನೊಂದು ಹಾಕಿದ. ಕೊನೆಗೆ ಪರದೆಯ ಮೇಲೆ ಒಂದೊಂದೇ ಕೂಡಿಸುವ ಚಿಹ್ನೆ ಮೂಡಿತು. ಅದರ ನಟ್ಟನಡುವೆ ಒತ್ತಬೇಕು, ಆಗ ಟಚ್ಚು ಎಲ್ಲಿದೆ, ಚಿತ್ರ ಎಲ್ಲಿದೆ ಎಂದು ಯಂತ್ರ ಲೆಕ್ಕ ಹಾಕಿಕೊಳ್ಳುತ್ತದೆ. "ನೀವೇ ಒತ್ತಿ ಸರ್" ಎಂದ. ಶಾಸನದ ಅಕ್ಷರ ಓದುವ ಶ್ರದ್ಧೆಯಿಂದ, ಕನ್ನಡಕ ತೆಗೆದು, ಉಸಿರು ಹಿಡಿದು, ಪ್ರತಿಯೊಂದು ಚಿಹ್ನೆಯ ಕೂದಲೆಳೆಯಷ್ಟು ನಡುವಿಗೆ ಒತ್ತಿದೆ.

ಬೊಳ್ಳು ಎದ್ದು ಕೂತಿತು. ಅದೃಶ್ಯ ಕೈ ಬಿಟ್ಟುಹೋಗಿತ್ತು. ಊಟದ ಗುಂಡಿ ಒತ್ತಿದೆ. ತಟ್ಟೆ ಬಂತು. ನಾಯಿ ಗಬಗಬ ತಿಂದಿತು. ಅಂಗಡಿಯ ಮುಂದೆ ನಿಂತು ನಾನೂ, ಹಮೀದಾಕನೂ, ರೀಚಾರ್ಜಿನವರೂ ಬಗ್ಗಿ ನೋಡಿದೆವು. ನನ್ನ ಕಣ್ಣು ತೇವವಾಗಿತ್ತು ಎಂದು ನೆನಪು. ಪುತ್ತೂರಿನ ಧೂಳೂ ಇರಬಹುದು.

ಸಂಜೆ ಅತ್ತೆ ಬಂದರು. ಹಪ್ಪಳದ ಡಬ್ಬಿಗಳನ್ನು ಇಳಿಸಿ, ಕಾಲು ತೊಳೆದು, ಕಾಫಿಗೂ ಕಾಯದೆ ಆರಾಮ ಕುರ್ಚಿಯಲ್ಲಿ ಒರಗಿ ಪೆಟ್ಟಿಗೆ ತೆರೆದರು. ಪೆನ್ನಿನ ಮುಚ್ಚಳ ತೆಗೆದುಕೊಂಡರು. "ಬೊಳ್ಳೂ" ಎಂದು ಕರೆದರು. ನಾಯಿ ಓಡಿ ಬಂತು. ನಾನು ಸವಿತಾಳ ಕಡೆ ಗೆದ್ದವನ ನೋಟ ಬೀರಿದೆ.

ಅತ್ತೆ ತಲೆ ಸವರಿದರು. ನಾಯಿ ಸುಮ್ಮನೆ ನಿಂತಿತ್ತು.

ಮತ್ತೆ ಸವರಿದರು. ನಾಯಿ ಬೇರೆಲ್ಲೋ ನೋಡಿತು.

"ಹಸಿದಿದೆ, ಪಾಪ" ಎಂದು ಊಟದ ಗುಂಡಿ ಒತ್ತಿದರು. ಊಟದ ಗುಂಡಿಯ ಕೆಳಗೆ ಇರುವುದು ಸ್ನಾನದ ಗುಂಡಿ. ನಾಯಿಗೆ ಸ್ನಾನವಾಯಿತು. ಮತ್ತೆ ಒತ್ತಿದರು. ಮತ್ತೆ ಸ್ನಾನ. ನೊರೆಯ ಒಳಗಿಂದ ಬೊಳ್ಳು ದೀನವಾಗಿ ನೋಡಿತು. ಮೂರನೆಯ ಸ್ನಾನವಾದಾಗ ಅತ್ತೆ ಪೆನ್ನಿನ ಮುಚ್ಚಳವನ್ನು ಕುರ್ಚಿಯ ಕೈಯ ಮೇಲಿಟ್ಟರು.

"ಕರೆದದ್ದಕ್ಕೆ ಬಂತು, ಅಷ್ಟೆ. ನನ್ನ ಕೈಯ ಗುರ್ತ ಮರೆತಿದೆ, ಅಳಿಯ. ಇರ್ಲಿ. ಬಿಟ್ಟು ಹೋದದ್ದು ನಾನಲ್ವಾ?"

ಅವರ ಧ್ವನಿಯಲ್ಲಿ ದೂರು ಇರಲಿಲ್ಲ. ಅದೇ ಕಷ್ಟವಾದದ್ದು. ಅವರು ಮಾಡಿನ ಹಂಚು ನೋಡತೊಡಗಿದರು, ಕಾಲು ಮುರಿದಾಗಿನ ಹಾಗೆ.

ನನಗೆ ಆಗ ಹೊಳೆಯಿತು. ಕಡಲೆಬೀಜದಷ್ಟು ಕೆಳಗೆ! ಹಳೆಯ ಟಚ್ಚು ಅತ್ತೆಯ ಓರೆನೋಟಕ್ಕೆ ಸರಿಯಾಗಿ ಓರೆಯಾಗಿತ್ತು. ಅವರು ನೆಲ ಒತ್ತಿದರೆ ಅದು ನಾಯಿ ಎಂದು ತಿಳಿಯುತ್ತಿತ್ತು. ಹೊಸದನ್ನು ನಾನು ಕೂದಲೆಳೆಯಷ್ಟು ಸರಿ ಮಾಡಿದ್ದೆ. ಈಗ ನೆಲ ಅಂದರೆ ನೆಲವೇ.

ಅಂದರೆ ಇದನ್ನು ಸ್ವಲ್ಪ ತಪ್ಪಾಗಿ ಕೂರಿಸಬೇಕು. ತಪ್ಪು ಮಾಡುವುದು ತಾನೆ? ನನಗೆ ಹೇಳಬೇಕೆ!

ಪೆಟ್ಟಿಗೆಯನ್ನು ಅಡುಗೆಮನೆಗೆ ಕೊಂಡುಹೋಗಿ ಆ ಕೂಡಿಸುವ ಚಿಹ್ನೆಗಳ ಪುಟ ತೆರೆದು, ಪ್ರತಿಯೊಂದರ ಕೆಳಗೆ ಅಂದಾಜಿನಲ್ಲಿ ಒತ್ತಿದೆ. ಯಂತ್ರ ಒಪ್ಪಲಿಲ್ಲ, ಪುನಃ ಒತ್ತು ಎಂದಿತು. ಸ್ವಲ್ಪ ಕಡಿಮೆ ತಪ್ಪಾಗಿ ಒತ್ತಿದೆ. ಒಪ್ಪಿತು. ನೋಡಿದರೆ ಟಚ್ಚು ನಿಖರವಾಗಿ ಸರಿಯಾಗಿದೆ! ಇನ್ನೊಮ್ಮೆ ತಪ್ಪಿಸಿದೆ. ಪುನಃ ಒತ್ತು ಎಂದಿತು. ಕೈ ನಡುಗಿಸಿ ಒತ್ತಿದೆ. ಸರಿಯಾಯಿತು. ಕಣ್ಣು ಮುಚ್ಚಿ ಒತ್ತಿದೆ. ಇನ್ನೂ ಸರಿಯಾಯಿತು! ಜೀವಮಾನವಿಡೀ ನಾನು ಮುಟ್ಟಿದ್ದೆಲ್ಲ ತನ್ನಷ್ಟಕ್ಕೆ ತಪ್ಪಾಗಿದೆ. ಬೇಕೆಂದು ತಪ್ಪು ಮಾಡಬೇಕಾದ ಒಂದೇ ಒಂದು ದಿನ, ಏನು ಮಾಡಿದರೂ ಸರಿಯೇ ಬರುತ್ತದೆ!

ಸವಿತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಸಾಕು ಮಾರಾಯ್ರೆ. ಅಮ್ಮನ ಕೈಗೇ ಕೊಡಿ. ಅವರೇ ಒತ್ತಲಿ" ಎಂದಳು.

ಕೊಟ್ಟೆ. ಅತ್ತೆ ಪರದೆ ನೋಡಿ ಎದ್ದು ಕೂರುವಷ್ಟು ಚುರುಕಾದರು. ಮತ್ತೆ ಒರಗಿದರು.

"ಹೋ, ಇದಾ! ಇದು ನಾಯಿಯ ಆಸ್ಪತ್ರೆ ಅಲ್ವಾ? ಮೊದಲೇ ಹೇಳ್ಬಾರ್ದಾ? ಅದಕ್ಕೆ ಹುಷಾರಿಲ್ಲದ ಹಾಗೆ ಕಂಡ್ರೆ ನಾನು ಯಾವಾಗಲೂ ಇಲ್ಲಿಗೆ ಕರ್ಕೊಂಡು ಬರುದು. ಈ ಗುರ್ತು ಎಲ್ಲ ಒತ್ತಿದ್ರೆ ಸರಿಯಾಗ್ತದೆ."

ಹೊಟ್ಟೆಯ ಮೇಲೆ ಪೆಟ್ಟಿಗೆ, ಕನ್ನಡಕದ ಕೆಳಗಿನ ಅಂಚು, ಓರೆನೋಟ. ಒಂದೊಂದೇ ಒತ್ತಿದರು, ಪ್ರತಿ ಸಲವೂ ಚಿಹ್ನೆಗಿಂತ ಅದೇ ಕಡಲೆಬೀಜದಷ್ಟು ಕೆಳಗೆ. ಯಂತ್ರ ಮರುಮಾತಾಡದೆ ಒಪ್ಪಿತು. ಆಮೇಲೆ ಪೆನ್ನಿನ ಮುಚ್ಚಳದಿಂದ ನೆಲ ಸವರಿದರು. ಬೊಳ್ಳು ಬಾಲ ಅಲ್ಲಾಡಿಸಿ, ನೆಕ್ಕಿ, ಮಗುಚಿ ಬಿದ್ದು ನಾಲ್ಕು ಕಾಲು ಮೇಲೆ ಮಾಡಿತು.

ಅತ್ತೆ ನಕ್ಕರು. "ಹುಷಾರಿರ್ಲಿಲ್ಲ, ಅಷ್ಟೆ.  ಮರೆತದ್ದಲ್ಲ." ಸ್ವಲ್ಪ ಹೊತ್ತು ಬಿಟ್ಟು ಪೆಟ್ಟಿಗೆಯನ್ನು ಮೂಗಿನ ಹತ್ತಿರ ತಂದು ಮೂಸಿದರು. ನನ್ನ ಕಡೆ ಒಂದು ಸಲ ನೋಡಿದರು. ನಾನು ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಹೇಳಿದೆನೆಂದೇ ನನ್ನ ನೆನಪು. ಹೇಳಿದ್ದು "ಕಾಫಿ ಕುಡೀತೀರಾ?" ಎಂದು ಮಾತ್ರ ಎನ್ನುತ್ತಾಳೆ ಸವಿತಾ.

ಕಳೆದ ವಾರ ಅತ್ತೆ ಮತ್ತೆ ಮರ್ಕಂಜಕ್ಕೆ ಹೋದರು, ತಂಗಿಯ ಮನೆಯ ಮದುವೆ ನಿಶ್ಚಯಕ್ಕೆ. ಹೊರಡುವಾಗ ಪೆಟ್ಟಿಗೆಯನ್ನು ಸೆರಗಿನಲ್ಲಿ ಒರೆಸಿದರು. ನಾನು ಕೈಚಾಚಿದೆ. ಅವರು ನನ್ನನ್ನು ದಾಟಿ ಬೇಲಿಯ ಹತ್ತಿರ ಹೋಗಿ ಅದನ್ನು ಹಮೀದಾಕನ ಕೈಗೆ ಕೊಟ್ಟರು. "ಅಳಿಯನಿಗೆ ಓದುದು ಬರೆಯುದು ಉಂಟು. ಪಾಪ, ಅವರಿಗೆ ಯಾಕೆ ತೊಂದರೆ" ಎಂದರು. ಹಮೀದಾಕ ಬಹಳ ಗಂಭೀರವಾಗಿ ತಲೆಯಾಡಿಸಿದರು. ಅವರ ಹೆಗಲು ಮಾತ್ರ ಕುಲುಕುತ್ತಿತ್ತು.

ನನ್ನನ್ನು ಬರಿಗೈಯಲ್ಲಿ ಬಿಡಬಾರದೆಂದೋ ಏನೋ, ಅತ್ತೆ ಒಳಗೆ ಬಂದು ಹಪ್ಪಳದ ಡಬ್ಬಿಯೊಂದನ್ನು ನನ್ನ ಮೇಜಿನ ಮೇಲಿಟ್ಟರು. ಇರುವೆ ಬರದ ಹಾಗೆ ನೋಡಿಕೊಳ್ಳಬೇಕಂತೆ. ನೋಡಿಕೊಳ್ಳುತ್ತಿದ್ದೇನೆ. ಎಣ್ಣೆಗೆ ಬಿದ್ದರೂ ಹಾಳಾಗದ ವಸ್ತುವನ್ನೇ ಅತ್ತೆ ಯೋಚಿಸಿ ಆರಿಸಿದ್ದಾರೆ.